ಹಿಂದಿಯ ಶಕ್ತಿಮಾನ್, ಕನ್ನಡದ ಅಜ್ಜಿ

ಗಡಿನಾಡ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಲೆ, ನಾಮಫಲಕ, ಜನಗಣತಿ, ಮಹಾಜನ ವರದಿ ಇವುಗಳಿಂದ ಶುರು ಮಾಡ್ತೀವಿ. ನಾನು ಇವತ್ತು ಟಿವಿಯಿಂದ ಶುರು ಮಾಡ್ತೀನಿ. ರಜೆ ದಿನ ಮನೆಮಂದಿಯೆಲ್ಲ ಕೂತು ನೋಡುವ ಹಳೆಯ ಸಾಹಸ ಚಿತ್ರಗಳು, ಮಕ್ಕಳ ಸೂಪರ್‌ಹೀರೋ ಧಾರಾವಾಹಿಗಳು ಗಡಿಯ ಮನೆಗಳ ಕನ್ನಡಕ್ಕೆ ಏನು ಮಾಡಿದವು ಎಂಬುದು ನನ್ನ ಪ್ರಶ್ನೆ. ನಾನು ಅಕ್ಕಲಕೋಟ ತಾಲೂಕಿನವನು, ಮರಾಠಿ ಶಾಲೆಯಲ್ಲಿ ಕಲಿತವನು. ಹೀಗಾಗಿ ಉದಾಹರಣೆಗಳು ಹೆಚ್ಚಾಗಿ ಆ ಕಡೆಯವೇ.

ನಮ್ಮ ಮನೆಗೆ ಸಾಹಸಕಥೆ ಎರಡು ದಾರಿಯಿಂದ ಬರ್ತಿತ್ತು. ಮೊದಲನೆಯದು ಬಾಡಿಗೆ ವಿಸಿಆರ್ ಮತ್ತು ಕ್ಯಾಸೆಟ್, ಆಮೇಲೆ ಕೇಬಲ್ಲಿನಲ್ಲಿ ಉದಯ ಟಿವಿ. ಅದರಲ್ಲಿ ರಾಜಕುಮಾರ್ ಇರ್ತಿದ್ರು. 1968ರ ‘ಜೇಡರ ಬಲೆ’, ಅದೇ ವರ್ಷದ ‘ಗೋವಾದಲ್ಲಿ ಸಿ.ಐ.ಡಿ. 999’, ಕಾಡುಗಳ್ಳರ ಬೆನ್ನು ಹತ್ತುವ ಅರಣ್ಯಾಧಿಕಾರಿಯ ‘ಗಂಧದ ಗುಡಿ’ (1973), ಕದಂಬರ ಕಥೆಯ ‘ಮಯೂರ’ (1975). ಇವೆಲ್ಲ ನಮ್ಮಪ್ಪನ ವಯಸ್ಸಿನವರ ಚಿತ್ರಗಳು. ನಾವೂ ಬಾಯಿ ತೆರೆದು ನೋಡ್ತಿದ್ವಿ ನಿಜ, ಆದರೆ ಶಾಲೆಯಲ್ಲಿ ಗೆಳೆಯರ ಜೊತೆ ಅವುಗಳ ಮಾತು ಬರ್ತಿರಲಿಲ್ಲ.

ಎರಡನೆಯದು ದೂರದರ್ಶನ. 1997ರ ಸೆಪ್ಟೆಂಬರಿನಲ್ಲಿ ಮುಕೇಶ್ ಖನ್ನಾ ಅವರ ‘ಶಕ್ತಿಮಾನ್’ ಶುರುವಾಯಿತು. ಭಾಷೆ ಹಿಂದಿ. ಮರಾಠಿ ಶಾಲೆಯ ಹುಡುಗರಿಗೆ ಹಿಂದಿ ಕಷ್ಟವಲ್ಲ. ಕಷ್ಟ ಇದ್ದದ್ದು ನಮ್ಮ ಆಯಿಗೆ, ಅಂದರೆ ಅಜ್ಜಿಗೆ. ಅವಳು ಪಕ್ಕದಲ್ಲೇ ಕೂತು ಕೇಳ್ತಿದ್ದಳು: ‘ಏನಂತಾನಪಾ ಅಂವ?’ ನಾವು ಹೇಳ್ತಿದ್ವಿ: ‘ಗಿರಗಿರ ತಿರಗತಾನ ಆಯಿ, ತಿರಗಿದ ಕೂಡ್ಲೆ ಶಕ್ತಿ ಬರ್ತದ.’ ಖಳನಾಯಕ ತಮರಾಜ ಕಿಲ್ವಿಷ್ ನಮ್ಮ ಬಾಯಲ್ಲಿ ‘ಕತ್ತಲಿ ರಾಜ’ ಆದ. ಶಕ್ತಿಮಾನ್‌ಗೆ ಬಲ ಬರುವುದು ಯೋಗದಿಂದ, ಪಂಚಭೂತಗಳಿಂದ ಎಂದಾಗ ಆಯಿಗೆ ತಟ್ಟನೆ ಹೊಳೆಯಿತು: ‘ಹಂಗಾರ ನಮ್ಮ ಸೊಲ್ಲಾಪುರದ ಸಿದ್ದರಾಮನಂಗ ಇರಬೇಕು ಬಿಡು.’ ಹನ್ನೆರಡನೇ ಶತಮಾನದ ಶಿವಯೋಗಿಯ ಪಕ್ಕದಲ್ಲಿ ಕೆಂಪು ಉಡುಪಿನ ನಾಯಕನಿಗೂ ಜಾಗ ಸಿಕ್ಕಿತು.

ಇದನ್ನ ನಾನು ‘ಮನೆಯ ಡಬ್ಬಿಂಗ್’ ಅಂತ ಕರೀತೀನಿ. ಗಡಿಯ ಮನೆಯಲ್ಲಿ ಮಕ್ಕಳ ಕನ್ನಡ ಊಟ, ಹೊಲ, ದನ, ನೆಂಟರು ಇಷ್ಟರಲ್ಲೇ ಉಳಿಯುವ ಅಪಾಯ ಯಾವಾಗಲೂ ಇದೆ. ವಿಜ್ಞಾನ, ವಿಮಾನ, ಯುದ್ಧ ಇವೆಲ್ಲ ಶಾಲೆಯ ಭಾಷೆಗೆ ಹೋಗಿಬಿಡ್ತವೆ. ಆಯಿಗೆ ಕಥೆ ಹೇಳುವಾಗ ಮಾತ್ರ ಪ್ರಯೋಗಾಲಯಕ್ಕೂ ಹಾರುವುದಕ್ಕೂ ನಾವು ಕನ್ನಡ ಹುಡುಕಬೇಕಾಗ್ತಿತ್ತು. ಕಥೆ ಹಿಂದಿಯದಾದರೂ ಬಾಯಿಗೆ ಕೆಲಸ ಕನ್ನಡದ್ದು.

ಕನ್ನಡದಲ್ಲೇ ಯಾಕೆ ಬರಲಿಲ್ಲ ಅಂತ ಕೇಳಬಹುದು. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗ್ ಅನ್ನು ವಿರೋಧಿಸುತ್ತ ಬಂತು. ಕಲಾವಿದರ, ತಂತ್ರಜ್ಞರ ಕೆಲಸ ಉಳಿಸಬೇಕು ಅನ್ನೋದು ಅದರ ಮುಖ್ಯ ವಾದ. ಆ ವಾದದಲ್ಲಿ ಹುರುಳಿತ್ತು. ಆದರೆ ‘ಸ್ಪೈಡರ್‌ಮ್ಯಾನ್’ 2002ರಲ್ಲಿ ಹಿಂದಿ, ತಮಿಳು, ತೆಲುಗು ಮಾತಾಡಿದಾಗ ತಾಳವಾಡಿಯ ಕನ್ನಡ ಹುಡುಗನ ಮುಂದೆ ತಮಿಳು, ಆದೋನಿಯ ಹುಡುಗಿಯ ಮುಂದೆ ತೆಲುಗು ಇತ್ತು, ಕನ್ನಡ ಇರಲಿಲ್ಲ. ಬೆಂಗಳೂರಿನಲ್ಲಿ ನಡೆದ ಚರ್ಚೆಯಲ್ಲಿ ಈ ಮಕ್ಕಳನ್ನ ಲೆಕ್ಕಕ್ಕೆ ಹಿಡಿದವರು ಕಡಿಮೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ಕೊಟ್ಟಿತು.

ಈಗ ಚಿತ್ರ ಬದಲಾಗಿದೆ. 2021ರ ಮಲಯಾಳಂ ಸೂಪರ್‌ಹೀರೋ ಚಿತ್ರ ‘ಮಿನ್ನಲ್ ಮುರಳಿ’ ನೇರ ಮನೆಗೇ ಬಂತು, ಕನ್ನಡ ಧ್ವನಿಯೂ ಜೊತೆಗಿತ್ತು. ಕಾಸರಗೋಡಿನ ಒಂದೇ ಮನೆಯಲ್ಲಿ ಮೊಮ್ಮಗ ಮಲಯಾಳಂನಲ್ಲಿ, ಅಜ್ಜಿ ಕನ್ನಡದಲ್ಲಿ ಅದನ್ನ ನೋಡಬಹುದು. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ 10 ಭಾಷೆಗಳಲ್ಲಿ ಬಂತು, ಕನ್ನಡ, ಮರಾಠಿ, ಮಲಯಾಳಂ ಮೂರೂ ಅದರಲ್ಲಿದ್ದವು. ಇದು ಲಾಭವೇ. ಅಜ್ಜಿಯರು ಇನ್ನೊಬ್ಬರ ಬಾಯಿ ಕಾಯಬೇಕಿಲ್ಲ.

ಆದರೆ ಅಜ್ಜಿ ಕೇಳದೇ ಹೋದರೆ ಮೊಮ್ಮಗ ಹೇಳೋದೂ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಮೊಬೈಲು, ಕಿವಿಗೆ ಇಯರ್‌ಫೋನು. ಪರದೆಗೆ ಕನ್ನಡ ಬಂದ ಹೊತ್ತಿಗೇ ಪರದೆಯ ಮುಂದಿನ ಕನ್ನಡ ಕಡಿಮೆಯಾಗ್ತಿದೆಯೇ ಅನ್ನೋದು ನನ್ನ ಆತಂಕ. ಕೇಳುವ ಭಾಷೆಯಾಗಿ ಉಳಿಯುವುದು ಬೇರೆ, ಆಡುವ ಭಾಷೆಯಾಗಿ ಉಳಿಯುವುದು ಬೇರೆ.

ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ‘ಮನೆಮಾತು ಯಾವುದು?’ ಎಂಬ ಪ್ರಶ್ನೆಯ ಜೊತೆ ಇನ್ನೂ ಮೂರು ಸೇರಿಸಿ: ಸಿನಿಮಾ ಯಾವ ಧ್ವನಿಯಲ್ಲಿ ಹಾಕ್ತೀರಿ, ಅದನ್ನ ಯಾರು ಆರಿಸ್ತಾರೆ, ನೋಡ್ತಾ ನೋಡ್ತಾ ಯಾವ ಭಾಷೆಯಲ್ಲಿ ಮಾತಾಡ್ತೀರಿ? ಮೂರನೆಯ ಉತ್ತರವನ್ನ ಹೆಚ್ಚು ಹುಷಾರಾಗಿ ಬರೆದುಕೊಳ್ಳಿ. ಜತ್ತ, ಮಡಕಶಿರಾ, ವಯನಾಡು ಕಡೆಯವರು ಇಲ್ಲಿದ್ದೀರಿ. ನಿಮ್ಮ ಮನೆಗಳಲ್ಲಿ ಹೇಗಿತ್ತು, ಈಗ ಹೇಗಿದೆ ಅನ್ನೋದನ್ನ ಚರ್ಚೆಯಲ್ಲಿ ಹೇಳಿ.