ಮಾಯ್ದ ಗಾಯ, ಮಾಯದ ನೋವು

ಗಾಯ ಮಾಯ್ದರೆ ನೋವೂ ಅಡಗಬೇಕೆಂಬುದು ಎಲ್ಲರ ಎಣಿಕೆ. ಆದರೆ ಹೊಲಿಗೆ ಬಿಚ್ಚಿ ತಿಂಗಳುಗಳು ಕಳೆದ ಮೇಲೂ ಕೆಲವು ಗಾಯದ ಕಲೆಗಳು ಉರಿಯುತ್ತವೆ. ಬಟ್ಟೆಯ ಅಂಚು ತಗುಲಿದರೆ ಸಾಕು, ಸೂಜಿ ಚುಚ್ಚಿದಂತಾಗುತ್ತದೆ. ಹೇಳಿಕೊಳ್ಳಲು ಸಂಕೋಚವಾಗುವ ಸ್ಥಳದಲ್ಲಿ ಇಂಥ ನೋವು ನೆಲಸಿದರೆ ಸಂಕಟ ಇಮ್ಮಡಿ. ಸ್ತ್ರೀಯರ ಹೊರ ಜನನೇಂದ್ರಿಯವನ್ನು ಅಂದಗೊಳಿಸಲೆಂದು ಮಾಡುವ ಶಸ್ತ್ರಚಿಕಿತ್ಸೆಯ ತರುವಾಯ ಕೆಲವರಿಗೆ ಒದಗುವುದು ಇದೇ.

ಇವುಗಳಲ್ಲಿ ಹೆಚ್ಚಾಗಿ ನಡೆಯುವುದು, ಯೋನಿದ್ವಾರದ ಇಕ್ಕೆಲಗಳ ಚರ್ಮದ ಮಡಿಕೆಗಳಾದ ಒಳತುಟಿಗಳನ್ನು ಕತ್ತರಿಸಿ ಕಿರಿದು ಮಾಡುವ ಚಿಕಿತ್ಸೆ. ಕಿರಿದಾಗಿರುವುದೇ ಸಹಜವೆಂಬ ಭಾವನೆ ಅನೇಕ ವೇಳೆ ಇದರ ಹಿಂದಿರುತ್ತದೆ. 2005ರಲ್ಲಿ ಲಂಡನ್ನಿನ ವೈದ್ಯರು 50 ಮಂದಿ ಸ್ತ್ರೀಯರಲ್ಲಿ ಅಳೆದು ನೋಡಿದಾಗ ಒಳತುಟಿಯ ಅಗಲ 7ರಿಂದ 50 ಮಿಲಿಮೀಟರಿನವರೆಗೆ ಇತ್ತು! ಮೂಗು ಕಿವಿಗಳಲ್ಲಿ ನಾವು ಒಪ್ಪಿಕೊಂಡಿರುವ ವೈವಿಧ್ಯ ಇಲ್ಲಿಯೂ ಉಂಟು.

ಆ ಚರ್ಮದ ಅಡಿಯಲ್ಲಿ ನರತಂತುಗಳ ದಟ್ಟವಾದ ಬಲೆಯಿದೆ. ಕತ್ತರಿ ಆಡಿದೆಡೆ ಅವೂ ತುಂಡಾಗುತ್ತವೆ. ತುಂಡಾದ ನರದ ಹೊರಭಾಗ ಶಿಥಿಲವಾಗಿ ಅಳಿಯುವುದನ್ನು ಆಗಸ್ಟಸ್ ವಾಲರ್ ಎಂಬ ವಿಜ್ಞಾನಿ 1850ರಲ್ಲಿ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ತೋರಿಸಿದನು. ಆದರೆ ಒಳಭಾಗ ಸಾಯುವುದಿಲ್ಲ. ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಚಿಗುರುತ್ತ ಅದು ಹಳೆಯ ದಾರಿಯನ್ನು ಅರಸುತ್ತದೆ. ಗಾಯವನ್ನು ಬೆಸೆದ ಕೊಲ್ಯಾಜೆನ್ ನಾರುಗಳ ಗಟ್ಟಿ ಹೆಣಿಗೆ ಅಡ್ಡ ನಿಂತರೆ, ಚಿಗುರುಗಳು ಮುಂದೆ ಸಾಗಲಾರದೆ ಅಲ್ಲಿಯೇ ಸುತ್ತಿಕೊಂಡು ಸಿಕ್ಕುಸಿಕ್ಕಾದ ಗಂಟಾಗಬಹುದು. ವೈದ್ಯರು ಇದನ್ನು ನ್ಯೂರೋಮಾ ಎನ್ನುತ್ತಾರೆ. ಏನೂ ತಗುಲದಿದ್ದರೂ ಈ ಗಂಟು ತಾನಾಗಿಯೇ ನೋವಿನ ಸಂಕೇತಗಳನ್ನು ಕಳುಹಿಸಬಲ್ಲುದು. ಅವು ಬಹುಕಾಲ ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳು ಅತಿಸೂಕ್ಷ್ಮವಾಗಿ, ಮೃದುವಾದ ಸ್ಪರ್ಶವನ್ನೂ ನೋವೆಂದೇ ಮಿದುಳಿಗೆ ತಿಳಿಸತೊಡಗುತ್ತವೆ. ಆದುದರಿಂದ “ಗಾಯ ವಾಸಿಯಾಗಿದೆ, ನೋವು ನಿಮ್ಮ ಕಲ್ಪನೆ” ಎಂದು ರೋಗಿಯನ್ನು ಹಿಂದಕ್ಕೆ ಕಳುಹಿಸುವುದು ನಿರ್ದಯವಷ್ಟೇ ಅಲ್ಲ, ಅಶಾಸ್ತ್ರೀಯವೂ ಹೌದು.

ಹಾಗಾದರೆ ಉಪಾಯವೇನು? ವೈದ್ಯರು ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲನೆ ಮುಟ್ಟುತ್ತ ನೋವಿನ ನೆಲೆಯನ್ನು ಹುಡುಕುತ್ತಾರೆ. ಅಲ್ಲಿಗೆ ಲಿಡೊಕೇನ್ ಚುಚ್ಚಿದೊಡನೆ ನೋವು ಅಡಗಿತೋ, ಕಳ್ಳ ಸಿಕ್ಕಂತೆಯೇ. ಅದೇ ಔಷಧದ ಮುಲಾಮನ್ನೂ ಹಚ್ಚುವುದುಂಟು. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆಂದು ಬಂದ ಗ್ಯಾಬಪೆಂಟಿನ್ ಇವು ಕೆರಳಿದ ನರಗಳನ್ನು ಶಾಂತಗೊಳಿಸಲೂ ಬಳಕೆಯಲ್ಲಿವೆ. ಚೀಟಿಯಲ್ಲಿ ಆ ಹೆಸರು ಕಂಡು ಮನೋರೋಗವೆಂದು ಹೆದರಬೇಕಾಗಿಲ್ಲ. ನೋವಿಗೆ ಅಂಜಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡಿದ್ದರೆ ಆ ಬಿಗಿತವೇ ಇನ್ನೊಂದು ನೋವಾಗುತ್ತದೆ. ಅವನ್ನು ಸಡಿಲಿಸುವ ಬಗೆಯನ್ನೂ, ಪೂರ್ತಿ ಕೂಡಿಕೊಂಡ ಕಲೆಯನ್ನು ಹಗುರವಾಗಿ ನೀವುವ ಕ್ರಮವನ್ನೂ ಅಂಗಮರ್ದನ ಚಿಕಿತ್ಸೆಯನ್ನು ಬಲ್ಲ ಫಿಸಿಯೋಥೆರಪಿ ತಜ್ಞರು ಕಲಿಸುತ್ತಾರೆ. ಜ್ವರ, ಕೀವು, ಏರುವ ಬಾವು ಕಂಡರೆ ಮಾತ್ರ ಇದಾವುದಕ್ಕೂ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಕಲೆ ಪಕ್ವವಾಗಲು ಒಂದು ವರ್ಷವಾದರೂ ಹಿಡಿಯಬಹುದು. ಗಂಟನ್ನೇ ಕತ್ತರಿಸಿ ತೆಗೆಯುವ ಚಿಕಿತ್ಸೆಯೂ ಇದೆಯಾದರೂ ತಜ್ಞರು ಅದಕ್ಕೆ ಅವಸರಪಡುವುದಿಲ್ಲ. ಏಕೆಂದರೆ ಕತ್ತರಿಸಿದ ನರ ಮತ್ತೆ ಚಿಗುರುತ್ತದೆ.