ಡೀಸೆಲ್ ಗಾಡಿ ಥಟ್ಟನೆ ಸೊರಗಿದಾಗ

ಮನುಷ್ಯರಿಗಿರುವಂತೆ ಮೋಟಾರು ವಾಹನಗಳಿಗೂ ರೋಗರುಜಿನಗಳುಂಟು. ಕೆಲವು ಮುನ್ಸೂಚನೆ ಕೊಟ್ಟು ಮೆಲ್ಲನೆ ಬರುವಂಥವು. ಕೆಲವು ನಡುಹಾದಿಯಲ್ಲಿ ಇದ್ದಕ್ಕಿದ್ದಂತೆ ಎರಗುವಂಥವು. ಡೀಸೆಲ್ ಗಾಡಿಯ ಶಕ್ತಿ ಉಡುಗಿಹೋಗುವುದು ಈ ಎರಡನೆಯ ಜಾತಿಯ ರೋಗ. ಎಂಜಿನು ನಿಂತಿರುವುದಿಲ್ಲ, ಗುಡುಗುಡು ಎನ್ನುತ್ತಲೇ ಇರುತ್ತದೆ. ಆದರೆ ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಗಾಡಿ ಎಳೆಯುವುದಿಲ್ಲ. ಚಾಲಕರು 'ಪಿಕಪ್ ಇಲ್ಲ' ಎನ್ನುವುದು ಇದನ್ನೇ. ಲಾರಿಯೊಂದನ್ನು ಹಿಂದೆ ಹಾಕಲೆಂದು ರಸ್ತೆಯ ಬಲಮಗ್ಗುಲಿಗೆ ಹೊರಳಿದ ಗಳಿಗೆಯಲ್ಲಿ ಹೀಗಾದರೆ, ಒಳಗೆ ಕುಳಿತ ಸಂಸಾರದ ಪ್ರಾಣಕ್ಕೇ ಸಂಚಕಾರ.

ಹೇಗೋ ಪಾರಾಗಿ ಗ್ಯಾರೇಜು ಸೇರಿದರೆ ಅಲ್ಲಿ ಇನ್ನೊಂದು ಗಂಡಾಂತರ ಕಾದಿರಬಹುದು. ಅದು, ಕಾರಣವನ್ನು ಹುಡುಕದೆಯೆ 'ಪಂಪು ಹೋಗಿದೆ' ಎಂದು ಕೊಡುವ ತೀರ್ಪು! ಪಂಪು ಬದಲಾಯಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ನಿಜವಾದ ಕಾರಣವಾದರೋ ಕೊಳೆ ಹಿಡಿದ ಫಿಲ್ಟರೊ ಸಡಿಲವಾದ ಕೊಳವೆಯೊ ಆಗಿರುವ ಸಂಭವ ಬಹಳ. ಆದುದರಿಂದ ಡೀಸೆಲ್ ಗಾಡಿಯುಳ್ಳ ಗೃಹಸ್ಥರು, ತಾವೇ ರಿಪೇರಿ ಮಾಡಲಾರದಿದ್ದರೂ, ರೋಗವನ್ನು ಕಂಡುಹಿಡಿಯುವ ಕ್ರಮವನ್ನಾದರೂ ತಿಳಿದಿರುವುದು ಲೇಸು.

ಕಿಡಿಯಿಲ್ಲದ ಬೆಂಕಿ

ಪೆಟ್ರೋಲ್ ಎಂಜಿನಿನಲ್ಲಿ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನಿಗೆ ಕಿಡಿಯ ಹಂಗಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದಾಗ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಕಾದ ಗಾಳಿಯ ಮೇಲೆ ಎಣ್ಣೆಯನ್ನು ಮಂಜಿನಂತೆ ಎರಚಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಈ ತತ್ತ್ವದ ಎಂಜಿನನ್ನು ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು.

ಆದರೆ ಎಣ್ಣೆಯನ್ನು ಎರಚುವುದೇ ಕಷ್ಟದ ಕೆಲಸವಾಗಿತ್ತು. 1927ರಲ್ಲಿ ಬಾಷ್ ಕಂಪನಿ ಅಧಿಕ ಒತ್ತಡದ ಪಂಪನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಲಾರಿಗಳ ಬಳಕೆ ಹಬ್ಬಿತು. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾತ್ರವುಂಟು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ 'ಮೈಕೋ', ಆಡುಗೋಡಿಯ ಕಾರ್ಖಾನೆಯಲ್ಲಿ ಇಂಥ ಪಂಪುಗಳನ್ನು ತಯಾರಿಸಿ ದೇಶಕ್ಕೆ ಒದಗಿಸಿತು. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು.

ಎಣ್ಣೆಯ ಹಾದಿ ಹೀಗಿದೆ: ಟ್ಯಾಂಕು, ಕೊಳವೆ, ಫಿಲ್ಟರು, ಅಧಿಕ ಒತ್ತಡದ ಪಂಪು, ಕೊನೆಗೆ ಎಣ್ಣೆ ಎರಚುವ ಇಂಜೆಕ್ಟರು. ಟ್ಯಾಂಕಿನಿಂದ ದೊಡ್ಡ ಪಂಪಿನವರೆಗೆ ಎಣ್ಣೆಯನ್ನು ತರಲು ಸಣ್ಣ ಪಂಪೊಂದು ಬೇರೆ ಇರುತ್ತದೆ. 1997ರಿಂದ ಕಾರುಗಳಿಗೆ ಬಂದ 'ಕಾಮನ್ ರೇಲ್' ವ್ಯವಸ್ಥೆಯಲ್ಲಿ ದೊಡ್ಡ ಪಂಪು ಎಣ್ಣೆಯನ್ನು ಒಂದು ಉಕ್ಕಿನ ನಾಳದಲ್ಲಿ ತುಂಬಿಡುತ್ತದೆ. ಎಲ್ಲ ಇಂಜೆಕ್ಟರುಗಳಿಗೂ ಅಲ್ಲಿಂದಲೇ ಹಂಚಿಕೆ. ಇಂದಿನ ಕೆಲವು ಗಾಡಿಗಳಲ್ಲಿ ಈ ಒತ್ತಡ 2,000 ಬಾರ್ ಮೀರುತ್ತದೆ. ಬೆರಳ ಉಗುರಿನಷ್ಟು ಜಾಗದ ಮೇಲೆ ಎರಡು ಟನ್ ಭಾರ ಹೇರಿದಂತೆ ಎಂದರೆ ಅದರ ಅಗಾಧತೆ ಮನಸ್ಸಿಗೆ ಬಂದೀತು.

ಹೊಗೆಯೆಂಬ ನಾಡಿ

ವೈದ್ಯನು ಮೊದಲು ನಾಡಿ ನೋಡುವಂತೆ ಇಲ್ಲಿ ಹೊಗೆಯನ್ನು ನೋಡಬೇಕು. ಶಕ್ತಿಯಿಲ್ಲದೆ ಕಪ್ಪು ಹೊಗೆ ಬರುತ್ತಿದ್ದರೆ ಎಣ್ಣೆಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲ. ಏರ್ ಫಿಲ್ಟರು ಕಟ್ಟಿದೆಯೆ, ಟರ್ಬೋದ ರಬ್ಬರು ಕೊಳವೆ ಕಳಚಿದೆಯೆ ಎಂದು ನೋಡುವುದು ಮೇಲು. ಬಿಳಿಯ, ಕಣ್ಣುರಿಸುವ ಹೊಗೆಯಾದರೆ ಎಣ್ಣೆ ಸರಿಯಾಗಿ ಉರಿಯುತ್ತಿಲ್ಲ. ಹೊಗೆಯೇ ಇಲ್ಲದೆ ಶಕ್ತಿಯೂ ಇಲ್ಲವಾದರೆ, ಎಂಜಿನಿಗೆ ಸಾಕಷ್ಟು ಎಣ್ಣೆ ತಲುಪುತ್ತಿಲ್ಲವೆಂಬ ಅನುಮಾನ ಬಲವಾಗುತ್ತದೆ. ಎಂಜಿನಿನ ವೇಗ ಏರಿದರೂ ಗಾಡಿಯ ವೇಗ ಏರದಿದ್ದರೆ ಮಾತ್ರ ತಪ್ಪು ಎಣ್ಣೆಯದಲ್ಲ, ಸವೆದ ಕ್ಲಚ್ಚಿನದು.

2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಬಂದ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಸೋಸಿ ಹಿಡಿಯುವ ಸಾಧನವಿರುವುದರಿಂದ ಕಣ್ಣಿಗೆ ಹೊಗೆ ಕಾಣುವುದು ಅಪರೂಪ. ಅವುಗಳಲ್ಲಿ ಎಚ್ಚರಿಕೆಯ ದೀಪವೇ ನಾಡಿ. ಏನೋ ಕೆಟ್ಟಿದೆಯೆಂದು ಕಂಡೊಡನೆ ಗಾಡಿಯೊಳಗಿನ ಕಂಪ್ಯೂಟರು ದೀಪ ಹೊತ್ತಿಸಿ, ಎಂಜಿನಿನ ರಕ್ಷಣೆಗಾಗಿ ಶಕ್ತಿಯನ್ನು ತಾನೇ ಕಡಿತಗೊಳಿಸುತ್ತದೆ. ಆಗ ಗಾಡಿ ಕುಂಟುತ್ತ ಗ್ಯಾರೇಜಿನವರೆಗೆ ಹೋಗಬಲ್ಲುದೇ ಹೊರತು ಓಡಲಾರದು.

ಅಗ್ಗದ ಕಾರಣದಿಂದ ಆರಂಭ

ರೋಗವನ್ನು ಟ್ಯಾಂಕಿನಿಂದ ಹುಡುಕುತ್ತ ಬರಬೇಕು. ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಏರುತ್ತಿರುವ ಕಾರೊಂದು ಸೊರಗಿ ನಿಂತಿತೆನ್ನೋಣ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮತ್ತೆ ಸ್ವಲ್ಪ ದೂರದಲ್ಲಿ ಅದೇ ಹಾಡು. ಪಂಪು ಕೆಟ್ಟಿದ್ದರೆ ವಿಶ್ರಾಂತಿಯಿಂದ ಹೀಗೆ ಚೇತರಿಸಿಕೊಳ್ಳುವುದು ವಿರಳ. ಟ್ಯಾಂಕಿನೊಳಗೆ ಬಿದ್ದ ಪ್ಲಾಸ್ಟಿಕ್ಕಿನ ಚೂರೊ ಕೊಳೆಯೊ ಹೀರುವ ಕೊಳವೆಯ ಬಾಯಿಗೆ ಅಂಟಿ, ಎಂಜಿನು ನಿಂತಾಗ ಕಳಚಿ ಬೀಳುತ್ತಿರಬಹುದು. ಇಲ್ಲವೆ, ಟ್ಯಾಂಕಿಗೆ ಗಾಳಿಯಾಡುವ ರಂಧ್ರ ಮುಚ್ಚಿಹೋಗಿರಬಹುದು. ಇದನ್ನು ಪರೀಕ್ಷಿಸುವುದು ಸುಲಭ: ಮುಚ್ಚಳವನ್ನು ತಿರುಗಿಸಿದೊಡನೆ ಜೋರಾಗಿ 'ಸುಯ್' ಎಂದು ಗಾಳಿ ಒಳನುಗ್ಗಿ, ಆ ಬಳಿಕ ಗಾಡಿ ಚೆನ್ನಾಗಿ ಓಡಿದರೆ ಕಾರಣ ಕೈಗೆ ಸಿಕ್ಕಿತು. ಖರ್ಚು ಕಾಸಿನದಲ್ಲ.

ಎರಡನೆಯದು ಫಿಲ್ಟರು. ಅರ್ಧ ಕಟ್ಟಿದ ಫಿಲ್ಟರು ಊರೊಳಗಿನ ನಿಧಾನದ ಓಡಾಟಕ್ಕೆ ಬೇಕಾದಷ್ಟು ಎಣ್ಣೆಯನ್ನು ಬಿಟ್ಟುಕೊಡುತ್ತದೆ. ಏರಿನಲ್ಲಿ ಎಂಜಿನು ಹೆಚ್ಚು ಕೇಳಿದಾಗ ಕೈಚೆಲ್ಲುತ್ತದೆ. ಸಮತಟ್ಟಿನಲ್ಲಿ ಶೂರ, ಘಾಟಿಯಲ್ಲಿ ಹೇಡಿ ಎಂಬಂಥ ಗಾಡಿಯಲ್ಲಿ ಮೊದಲು ಇದನ್ನೇ ಶಂಕಿಸಬೇಕು. ಫಿಲ್ಟರಿನ ತಳದಲ್ಲಿ ನೀರು ನಿಲ್ಲುವ ಪುಟ್ಟ ಬಟ್ಟಲೂ ಅದನ್ನು ಹೊರಬಿಡುವ ತಿರುಪೂ ಅನೇಕ ಗಾಡಿಗಳಲ್ಲಿರುತ್ತವೆ. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ನೀರು ಡೀಸೆಲಿಗಿಂತ ಭಾರವಾದುದರಿಂದ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಮೂರನೆಯದು ಗಾಳಿ. ಟ್ಯಾಂಕಿಗೂ ಹೀರುವ ಪಂಪಿಗೂ ನಡುವೆ ಕೊಳವೆ ಬಿರಿದಿದ್ದರೆ, ಎಂಜಿನು ನಡೆಯುವಾಗ ಅಲ್ಲಿ ಎಣ್ಣೆ ತೊಟ್ಟಿಕ್ಕುವುದಿಲ್ಲ. ಪಂಪಿನ ಸೆಳೆತಕ್ಕೆ ಹೊರಗಿನ ಗಾಳಿಯೇ ಒಳಸೇರುತ್ತದೆ. ಆದ್ದರಿಂದಲೇ ಈ ದೋಷ ಕಣ್ಣಿಗೆ ಬೀಳದು. ಅನುಭವಸ್ಥ ಮೆಕ್ಯಾನಿಕ್ಕು ಪಂಪಿನ ಮುಂಚೆ ಪಾರದರ್ಶಕ ಕೊಳವೆಯ ತುಂಡೊಂದನ್ನು ಜೋಡಿಸಿ ಗುಳ್ಳೆಗಳು ಬರುತ್ತಿವೆಯೆ ಎಂದು ನೋಡುತ್ತಾನೆ.

ಕಂಪ್ಯೂಟರು ಹೇಳುವುದೆಷ್ಟು?

ಇವೆಲ್ಲ ಸರಿಯಿದ್ದರೆ ಸ್ಕ್ಯಾನರು ಜೋಡಿಸಬೇಕು. ನಾಳದಲ್ಲಿ ಇರಬೇಕಾದ ಒತ್ತಡವೆಷ್ಟು, ಇರುವ ಒತ್ತಡವೆಷ್ಟು ಎಂಬೆರಡನ್ನೂ ಅದು ತೋರಿಸುತ್ತದೆ. ಆದರೆ ನೆನಪಿಡಬೇಕಾದ ಮುಖ್ಯ ಸಂಗತಿ ಇಲ್ಲಿದೆ. 'ಒತ್ತಡ ಕಡಿಮೆ' ಎಂಬ ಸಂಕೇತ ಬಂದ ಮಾತ್ರಕ್ಕೆ ಪಂಪು ಕೆಟ್ಟಿತೆಂದು ಅರ್ಥವಲ್ಲ. ಜ್ವರಮಾಪಕ ಜ್ವರವನ್ನು ತೋರಿಸುತ್ತದೆ. ಅದು ಮಲೇರಿಯವೊ ಟೈಫಾಯ್ಡೊ ಹೇಳುವುದಿಲ್ಲ.

ಸವೆದ ಇಂಜೆಕ್ಟರಿನಿಂದ ಎಣ್ಣೆ ಮಿತಿಮೀರಿ ಟ್ಯಾಂಕಿಗೆ ಮರಳಿದರೂ ಒತ್ತಡ ಬೀಳುತ್ತದೆ. ಪ್ರತಿ ಇಂಜೆಕ್ಟರಿನಿಂದ ಮರಳುವ ಎಣ್ಣೆಯನ್ನು ಸಣ್ಣ ಸೀಸೆಗಳಲ್ಲಿ ಬೇರೆಬೇರೆಯಾಗಿ ಹಿಡಿದು ಅಳೆದರೆ ಅಪರಾಧಿ ಸಿಕ್ಕಿಬೀಳುತ್ತಾನೆ. ಒಂದು ಸೀಸೆ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರನ್ನು ಮೊದಲು ಪರೀಕ್ಷಿಸಬೇಕು. ಪಂಪಿಗೆ ಬರುವ ಎಣ್ಣೆಯನ್ನು ನಿಯಂತ್ರಿಸುವ ಪುಟ್ಟ ಕವಾಟವನ್ನೂ ಒತ್ತಡ ಅಳೆಯುವ ಸಂವೇದಕವನ್ನೂ ನೋಡಬೇಕು. ಇಷ್ಟೆಲ್ಲ ಆದ ಮೇಲೆಯೇ ಪಂಪಿನ ಸರದಿ.

ಕೈ ಹಾಕಬಾರದ ಜಾಗ

ಟ್ಯಾಂಕು, ಫಿಲ್ಟರುಗಳ ತನಕ ಉತ್ಸಾಹಿಗಳು ಇಣುಕಬಹುದು. ಅಧಿಕ ಒತ್ತಡದ ಪಂಪಿನಿಂದ ಆಚೆಗೆ ಮಾತ್ರ ಸಲ್ಲದು. ಎಂಜಿನು ನಡೆಯುತ್ತಿರುವಾಗ ಸೂಜಿಮೊನೆಯಷ್ಟು ಬಿರುಕಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೊಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆಯೊಂದೇ, ನೋವೂ ಮೊದಲು ಅಲ್ಪ. ಒಳಗೆ ಮಾಂಸ ಕೊಳೆತು ಬೆರಳು ಕತ್ತರಿಸಬೇಕಾದ ಪ್ರಸಂಗಗಳೂ ಉಂಟು. ಇಂಥ ಗಾಯವಾದರೆ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆಯ ಜಾಗವನ್ನು ಬೆರಳಿನಿಂದ ತಡವಿ ನೋಡುವ ಅಭ್ಯಾಸ ಹಳೆಯ ಗಾಡಿಗಳಲ್ಲಿಯೂ ಅಪಾಯಕರ, ಹೊಸವುಗಳಲ್ಲಂತೂ ಘೋರ.

ಪಂಪಿನೊಳಗಿನ ಭಾಗಗಳಿಗೆ ಡೀಸೆಲೇ ಜಾರೆಣ್ಣೆ. ಟ್ಯಾಂಕನ್ನು ಪೂರಾ ಬತ್ತಿಸಿದರೆ, ಇಲ್ಲವೆ ಮರೆತು ಪೆಟ್ರೋಲ್ ತುಂಬಿದರೆ, ಆ ಭಾಗಗಳು ಒಂದಕ್ಕೊಂದು ತೀಡಿ ಉಕ್ಕಿನ ಪುಡಿಯನ್ನು ಇಂಜೆಕ್ಟರುಗಳಿಗೆ ಸಾಗಿಸುತ್ತವೆ. ಪೆಟ್ರೋಲ್ ತುಂಬಿದ್ದು ತಿಳಿದೊಡನೆ ಕೀಲಿ ತಿರುಗಿಸದೆ ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಜಾಣತನ.

ದಾರಿಯಲ್ಲಿ ಶಕ್ತಿ ಉಡುಗಿದರೆ ಎಚ್ಚರಿಕೆಯ ದೀಪಗಳನ್ನು ಮಿನುಗಿಸಿ, ಎಡಕ್ಕೆ ಸರಿದು, ತಿರುವಿನಲ್ಲಲ್ಲದೆ ನೇರವಾದ ಜಾಗದಲ್ಲಿ ನಿಲ್ಲಿಸಿ. ಮಕ್ಕಳನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಗ್ಯಾರೇಜಿನಲ್ಲಿ ಪಂಪು ಬದಲಾಯಿಸಬೇಕೆಂದು ಹೇಳಿದರೆ ಸಿಡುಕದೆ, ಅಂಜದೆ ಒಂದೇ ಪ್ರಶ್ನೆ ಕೇಳಿ: "ಏನನ್ನು ಅಳೆದು ನೋಡಿದಿರಿ, ಅಳತೆ ಎಷ್ಟು ಬಂತು?" ಕೆಲಸ ಬಲ್ಲವನು ಸಂತೋಷದಿಂದ ಉತ್ತರ ಕೊಡುತ್ತಾನೆ. ಉತ್ತರ ಬಾರದಿದ್ದರೆ, ಹಣ ತೆರುವ ಮೊದಲು ಇನ್ನೊಬ್ಬ ಬಲ್ಲವನಿಗೆ ಗಾಡಿಯನ್ನು ತೋರಿಸುವುದೇ ಮೇಲು.