ದುಬಾರಿ ಸ್ಪ್ಯಾನರ್ ಸೆಟ್ ಬೇಕಾ? ವಾಡಿಯ ಗ್ಯಾರೇಜ್ ಸಾಲಿನಿಂದ ಒಂದು ಲೆಕ್ಕ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಓದ್ಕೊಳ್ಳಿ. ಅಲ್ಲಿ ಬಾಯಲ್ಲಿ ಹೇಳಿ ಮುಗಿಸಿದ ಲೆಕ್ಕಗಳನ್ನ ಇಲ್ಲಿ ಬಿಡಿಸಿ ಬರೆದಿದ್ದೀನಿ.

ನಾನಿರೋದು ವಾಡಿಯಲ್ಲಿ. ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಅಲ್ಲ, ನಾಗಪುರದ ಪಶ್ಚಿಮ ಅಂಚಿನಲ್ಲಿ ಅಮರಾವತಿ ರೋಡಿಗಿರೋ ವಾಡಿ. ಹಿಂದಿನ ಎನ್‌ಎಚ್ 6, ಈಗಿನ ಎನ್‌ಎಚ್ 53 ಇಲ್ಲೇ ಹಾದು ಹೋಗುತ್ತೆ. ಟ್ರಾನ್ಸ್‌ಪೋರ್ಟ್ ಆಫೀಸು, ಗೋಡೌನು, ಲಾರಿ ಗ್ಯಾರೇಜು, ಟಯರ್ ಅಂಗಡಿ, ಎಲ್ಲಾ ಒಂದರ ಪಕ್ಕ ಒಂದು. ನಾಗಪುರಕ್ಕೆ ಐಟಿ ಕೆಲಸಕ್ಕೆ ಬಂದ ನಮ್ಮವರು ಹಬ್ಬಕ್ಕೆ ಊರಿಗೆ ಸ್ವಂತ ಕಾರಲ್ಲೇ ಹೊರಡೋದು ಜಾಸ್ತಿ. ಎನ್‌ಎಚ್ 44 ಹಿಡಿದು, ಹೈದರಾಬಾದ್ ದಾಟಿ ಬೆಂಗಳೂರು ಸೇರೋಕೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಆಗ ಬರೋ ಪ್ರಶ್ನೆ ಇದು: ಡಿಕ್ಕಿಯಲ್ಲಿ ಯಾವ ಟೂಲ್ ಇಟ್ಕೊಳ್ಳೋದು? ಟಪಾರಿಯಾ ಸಾಕಾ, ಇಲ್ಲಾ ಜರ್ಮನ್ ಮಾಲು ತರಿಸ್ಬೇಕಾ?

ನನ್ನ ಉತ್ತರ ಚಿಕ್ಕದು. ಬ್ರ್ಯಾಂಡ್ ಆಮೇಲೆ ನೋಡಿ. ಮೊದಲು ಆ ಟೂಲ್ ಕೈ ಕೊಟ್ಟರೆ ನಷ್ಟ ಯಾರಿಗೆ, ಎಷ್ಟು ಅಂತ ನೋಡಿ. ಕೈ ಕೊಡೋದರಲ್ಲಿ ಮೂರು ಬಗೆ ಇದೆ.

ಒಂದು: ಟೂಲ್ ಮಾತ್ರ ಹಾಳಾಗೋದು

ಸುತ್ತಿಗೆಯ ಹಿಡಿ ಸಡಿಲ ಆಯ್ತು, ರ‍್ಯಾಚೆಟ್‌ನ ಹಲ್ಲು ಹೋಯ್ತು, ಪ್ಲೈಯರ್‌ನ ರಬ್ಬರ್ ಕಿತ್ತು ಬಂತು. ಕಣ್ಣಿಗೆ ಕಾಣುತ್ತೆ, ಇನ್ನೊಂದು ತಂದರೆ ಮುಗೀತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರೋಗ್ರಾಂ ಎರರ್ ತೋರಿಸಿ ನಿಂತ ಹಾಗೆ. ಇಂಥ ಕಡೆ ಬಜೆಟ್ ಮಾಲೇ ಸರಿ.

ರ‍್ಯಾಚೆಟ್ ವಿಷಯದಲ್ಲಿ ಒಂದು ಮಾತು. 24 ಹಲ್ಲಿನದಕ್ಕೆ ಪ್ರತಿ ಸಲ ಕನಿಷ್ಠ 15 ಡಿಗ್ರಿ ತಿರುಗಿಸೋಕೆ ಜಾಗ ಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಇಕ್ಕಟ್ಟಾದ ಎಂಜಿನ್ ಬೇಯಲ್ಲಿ ಅದು ದೊಡ್ಡ ಅನುಕೂಲ. ಆದರೆ 72 ಹಲ್ಲಿನ ರ‍್ಯಾಚೆಟ್ ಈಗ ಕಡಿಮೆ ಬೆಲೆಯ ಸೆಟ್‌ಗಳಲ್ಲೂ ಬರುತ್ತೆ.

ಎರಡು: ಟೂಲ್ ನಟ್ಟು-ಬೋಲ್ಟನ್ನ ಹಾಳು ಮಾಡೋದು

ಇಲ್ಲಿಂದ ಖರ್ಚು ಶುರು. ಸ್ಪ್ಯಾನರಿನ ಬಾಯಿ ಸ್ವಲ್ಪ ಅಗಲ ಇದ್ದರೂ ಸಾಕು, ನಟ್ಟಿನ ಸಮತಟ್ಟಾದ ಪಕ್ಕವನ್ನ ಹಿಡಿಯೋ ಬದಲು ಮೂಲೆಯನ್ನಷ್ಟೇ ಹಿಡಿಯುತ್ತೆ. ಬಲ ಹಾಕಿದಾಗ ಮೂಲೆ ಸವೆದು ನಟ್ಟು ಉರುಟಾಗುತ್ತೆ. ಅದನ್ನ ಬಿಚ್ಚೋಕೆ ವೆಲ್ಡಿಂಗ್ ಅಂಗಡಿಗೇ ಹೋಗ್ಬೇಕು. ಜೊತೆಗೆ ಸ್ಪ್ಯಾನರ್ ಜಾರಿದ ಕ್ಷಣ ಬೆರಳಿನ ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯುತ್ತೆ. ನಮಗಾದರೆ ಎರಡು ದಿನ ಟೈಪ್ ಮಾಡೋದು ಕಷ್ಟ. ಗ್ಯಾರೇಜಿನ ಹುಡುಗನಿಗೆ ಎರಡು ದಿನದ ಕೂಲಿ.

ಟೂಲಿನ ಮೇಲೆ ‘ಕ್ರೋಮ್ ವೆನೇಡಿಯಂ’ ಅಂತ ಕೆತ್ತಿರೋದನ್ನ ಎಲ್ಲರೂ ತೋರಿಸ್ತಾರೆ. ಅದು ಉಕ್ಕಿನ ಜಾತಿ ಅಷ್ಟೇ. ಅದೇ ಉಕ್ಕನ್ನ ಎಷ್ಟು ಕಾಯಿಸಿ, ಹೇಗೆ ತಣಿಸಿದ್ರು ಅನ್ನೋದರ ಮೇಲೆ ಗುಣ ನಿಲ್ಲುತ್ತೆ. ಮೆತ್ತಗಾದರೆ ಬಾಯಿ ಅಗಲವಾಗುತ್ತೆ, ಅತಿ ಗಡಸಾದರೆ ಚಕ್ಕೆ ಏಳುತ್ತೆ. ಒಳ್ಳೆ ಕಂಪನಿಗೆ ಕೊಡೋ ದುಡ್ಡು ಈ ಹದಕ್ಕೆ ಮತ್ತು ಅಳತೆಗೆ. ಆದರೆ ಆ ಹದ ಈಗ ಮಧ್ಯಮ ಬೆಲೆಯಲ್ಲೂ ಸಿಗುತ್ತೆ. ಸಾಕೆಟ್ ಮೂಲೆಯನ್ನ ಬಿಟ್ಟು ಪಕ್ಕವನ್ನ ಒತ್ತೋ ವಿನ್ಯಾಸ ಒಂದು ಕಾಲಕ್ಕೆ ಅಮೆರಿಕದ ಸ್ನ್ಯಾಪ್-ಆನ್ ಕಂಪನಿಯ ಪೇಟೆಂಟ್ ಆಗಿತ್ತು. ಆ ಅವಧಿ ಎಂದೋ ಮುಗೀತು, ಈಗ ಹಲವಾರು ಕಂಪನಿಗಳು ಅದನ್ನೇ ಮಾಡ್ತವೆ. ಟಪಾರಿಯಾ ನಾಸಿಕ್‌ನದ್ದೇ. ಮನೆ ಕೆಲಸಕ್ಕೆ, ಡಿಕ್ಕಿಗೆ ಆ ದರ್ಜೆ ಧಾರಾಳ ಸಾಕು.

ಅಂಗಡಿಯಲ್ಲಿ ಪರೀಕ್ಷೆ ಮಾಡೋದು ಸುಲಭ. ಜೇಬಲ್ಲಿ 10 ಎಂಎಂ, 17 ಎಂಎಂ ಹೊಸ ನಟ್ಟು ಒಂದೊಂದು ಇಟ್ಕೊಂಡು ಹೋಗಿ. ಸ್ಪ್ಯಾನರ್‌ಗೆ ಹಾಕಿ ಅಲ್ಲಾಡಿಸಿ. ಗಡಗಡ ಅಂದ್ರೆ ಬಿಟ್ಟುಬಿಡಿ. ಸಾಕೆಟ್ ಆದರೆ 12 ಮೂಲೆಯದ್ದು ಬೇಡ, 6 ಮೂಲೆಯದ್ದು ತಗೊಳ್ಳಿ. ಬೆಲೆಯಲ್ಲಿ ಅಂಥ ವ್ಯತ್ಯಾಸ ಇರಲ್ಲ, ನಟ್ಟನ್ನ ಹಿಡಿಯೋದರಲ್ಲಿ ಇರುತ್ತೆ. ಜಪಾನೀ ವಿನ್ಯಾಸದ ಬೈಕ್ ಇದ್ದರೆ ಜೆಐಎಸ್ ತುದಿಯ ಸ್ಕ್ರೂಡ್ರೈವರ್ ಒಂದು ಇರಲಿ. ಆ ಪ್ಲಸ್ ತಿರುಪು ನೋಡೋಕೆ ಫಿಲಿಪ್ಸ್ ಥರಾನೇ ಇರುತ್ತೆ, ಆದರೆ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರಲ್ಲ, ಜಾರಿ ತಲೆ ತಿಂದುಹಾಕುತ್ತೆ.

‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಅಂತ ಗಾದೆ ಇದೆ, ನಿಜ. ಆದರೆ ಈ ಎರಡನೇ ಬಗೆಯಲ್ಲಿ ನೆಲ ನಿಜವಾಗ್ಲೂ ಡೊಂಕಿರುತ್ತೆ. ಎಷ್ಟೇ ಪಳಗಿದ ಕೈ ಆದರೂ ಅಗಲ ಬಾಯಿಯ ಸ್ಪ್ಯಾನರ್ ನಟ್ಟನ್ನ ಕೆಡಿಸೇ ಕೆಡಿಸುತ್ತೆ.

ಮೂರು: ಟೂಲ್ ಸದ್ದಿಲ್ಲದೆ ಸುಳ್ಳು ಹೇಳೋದು

ಟಾರ್ಕ್ ರೆಂಚ್ ‘ಟಿಕ್’ ಅಂದಾಗ ನೀವು ನಂಬ್ತೀರಿ. ಅದು ತಪ್ಪಿದ್ದರೆ ಆ ಕ್ಷಣಕ್ಕೆ ಏನೂ ಗೊತ್ತಾಗಲ್ಲ. ಟೆಸ್ಟ್ ಎಲ್ಲಾ ಪಾಸ್ ಆಗಿ, ಪ್ರೊಡಕ್ಷನ್‌ನಲ್ಲಿ ಡೇಟಾ ಕೆಡಿಸೋ ಕೋಡ್ ಇದ್ದ ಹಾಗೆ. ದುಡ್ಡು ಹಾಕಬೇಕಾದ ಜಾಗ ಇದು.

ಲೆಕ್ಕ ನೋಡಿ. ಸಣ್ಣ ಕಾರಿನ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಹೇಳ್ತಾರೆ. ನಿಮ್ಮ ಕಾರಿಗೆ ಎಷ್ಟು ಅಂತ ಅದರ ಕೈಪಿಡಿಯಲ್ಲಿ ನೋಡ್ಕೊಳ್ಳಿ. 70 ಕಿಲೋ ತೂಕದವರು 30 ಸೆಂಟಿಮೀಟರ್ ಉದ್ದದ ವೀಲ್ ಸ್ಪ್ಯಾನರಿನ ತುದಿಗೆ ಕಾಲಿಟ್ಟು ನಿಂತರೆ 70 × 9.8 × 0.3, ಅಂದ್ರೆ ಸುಮಾರು 206. ಬೇಕಾದ್ದಕ್ಕಿಂತ ಎರಡು ಪಟ್ಟು! ಅದಕ್ಕೇ ಒಂದು ಮೀಟರ್ ಪೈಪು ಸಿಕ್ಕಿಸಿ ತುದಿಗೆ ಅಷ್ಟೇ ಭಾರ ಹಾಕಿದರೆ 686. ಲಾರಿ ಗ್ಯಾರೇಜಿನಲ್ಲಿ ಪೈಪು ಸಿಕ್ಕಿಸೋದು ಲಾರಿ ಚಕ್ರಕ್ಕೆ ಅಷ್ಟು ಬಲ ಬೇಕು ಅಂತ. ಅದನ್ನ ನೋಡಿ ನಮ್ಮ ಹ್ಯಾಚ್‌ಬ್ಯಾಕ್‌ಗೆ ಅದೇ ಮಾಡಿದರೆ ಸ್ಟಡ್ ಎಳೆದುಕೊಳ್ಳುತ್ತೆ. ಕಡಿಮೆ ಆದರೆ ನಟ್ಟು ಸಡಿಲಾಗಿ ಹೈವೇಯಲ್ಲಿ ಚಕ್ರ ಅಲ್ಲಾಡೋಕೆ ಶುರು. ಹಿಂದಿನ ಸೀಟಲ್ಲಿ ಮಕ್ಕಳು ಮಲಗಿರ್ತಾರೆ ಅನ್ನೋದನ್ನ ನೆನಪಿಟ್ಕೊಂಡು ಈ ಟೂಲ್ ಆರಿಸಿ.

ಟಾರ್ಕ್ ರೆಂಚ್‌ಗೆ ಐಎಸ್ಒ 6789 ಅನ್ನೋ ಮಾನದಂಡ ಇದೆ. ಸಾಮಾನ್ಯ ಕ್ಲಿಕ್ ರೆಂಚ್‌ಗೆ 10 ನ್ಯೂಟನ್ ಮೀಟರ್ ಮೇಲೆ ±4 ಶೇಕಡಾ ತಪ್ಪಿಗೆ ಅವಕಾಶ. 100ಕ್ಕೆ ಇಟ್ಟರೆ 96ರಿಂದ 104ರೊಳಗೆ ಟಿಕ್ ಅನ್ನಬೇಕು. ತಯಾರಕರು ಬೇರೆ ಹೇಳದಿದ್ದರೆ 12 ತಿಂಗಳು ಅಥವಾ 5,000 ಸಲ, ಯಾವುದು ಮೊದಲೋ ಆಗ ಮತ್ತೆ ಕ್ಯಾಲಿಬ್ರೇಷನ್ ಮಾಡಿಸಬೇಕು. ಹಾಗಾಗಿ ನನ್ನ ಆಯ್ಕೆ ಇದು: ಸರ್ಟಿಫಿಕೇಟ್ ಇರೋ ಮಧ್ಯಮ ಬೆಲೆಯ ರೆಂಚ್ ತಗೊಂಡು, ಉಳಿದ ದುಡ್ಡನ್ನ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಕ್ಯಾಲಿಬ್ರೇಷನ್‌ಗೆ ಇಡಿ. ಹತ್ತು ವರ್ಷದಿಂದ ಪರೀಕ್ಷೆ ಮಾಡಿಸದ ದುಬಾರಿ ರೆಂಚ್‌ಗಿಂತ ಇದೇ ನಂಬಿಕೆಗೆ ಯೋಗ್ಯ. ಕೆಲಸ ಆದ್ಮೇಲೆ ಸ್ಕೇಲಿನ ಅತಿ ಕಡಿಮೆ ಅಂಕಿಗೆ ತಿರುಗಿಸಿ ಇಡಿ. ಬಿಗಿಯಾದ ನಟ್ಟು ಬಿಚ್ಚೋಕೆ ಅದನ್ನ ಬಳಸಲೇಬೇಡಿ.

ಜಾಕ್ ಸ್ಟ್ಯಾಂಡ್ ಕೂಡ ಇದೇ ಬಗೆಯದ್ದು. 2020ರಲ್ಲಿ ಅಮೆರಿಕದ ಬಜೆಟ್ ಟೂಲ್ ಮಳಿಗೆ ಹಾರ್ಬರ್ ಫ್ರೈಟ್ ಸುಮಾರು 17 ಲಕ್ಷ ಜಾಕ್ ಸ್ಟ್ಯಾಂಡ್ ವಾಪಸ್ ಕರೆಸ್ಕೊಂಡಿತು, ಭಾರ ಇದ್ದಾಗ ಹಲ್ಲು ಜಾರಬಹುದು ಅಂತ. ಬದಲಿಗೆ ಕೊಟ್ಟ ಮಾದರಿಯೊಂದರಲ್ಲೂ ವೆಲ್ಡಿಂಗ್ ದೋಷ ಸಿಕ್ಕಿತು. ಅಲ್ಲಿರೋ ಸ್ನೇಹಿತರು ಒಮ್ಮೆ ಗ್ಯಾರೇಜಲ್ಲಿ ನೋಡ್ಕೊಳ್ಳಿ. ಇನ್ನು ಕಾರಿನ ಜೊತೆ ಬಂದ ಜಾಕ್ ಟಯರ್ ಬದಲಿಸೋಕೆ ಮಾತ್ರ, ಅದನ್ನ ನಂಬಿ ಕಾರಿನ ಕೆಳಗೆ ತೂರಬಾರದು.

ಹಾಗಾದ್ರೆ ದುಬಾರಿ ಟೂಲ್ ಯಾರಿಗೆ?

ಸ್ನ್ಯಾಪ್-ಆನ್ ಶುರುವಾದದ್ದು 1920ರಲ್ಲಿ, ಐದು ಹಿಡಿ, ಹತ್ತು ಸಾಕೆಟ್ ಬದಲಾಯಿಸಿ ಬಳಸೋ ಉಪಾಯದಿಂದ. ಅದರ ರ‍್ಯಾಚೆಟ್ ಒಂದರ ದುಡ್ಡಿಗೆ ಇಲ್ಲಿ ಇಡೀ ಸಾಕೆಟ್ ಸೆಟ್ ಬರುತ್ತೆ. ಆ ಬೆಲೆಯೊಳಗೆ ಉಕ್ಕು ಮಾತ್ರ ಇಲ್ಲ. ಅಮೆರಿಕದಲ್ಲಿ ಅವರ ವ್ಯಾನ್ ಗ್ಯಾರೇಜಿನ ಬಾಗಿಲಿಗೇ ಬರುತ್ತೆ, ಮುರಿದದ್ದನ್ನ ಬದಲಿಸುತ್ತೆ, ಕಂತಿನಲ್ಲಿ ಸಾಲ ಕೊಡುತ್ತೆ. ಗಂಟೆ ಲೆಕ್ಕದಲ್ಲಿ ದುಡಿಯೋ ಮೆಕ್ಯಾನಿಕ್‌ಗೆ ಅದು ಲಾಭ. ವಾಡಿಗೆ ಆ ವ್ಯಾನ್ ಬರಲ್ಲ. ನಾವು ಇಲ್ಲಿಗೆ ತರಿಸ್ಕೊಂಡ್ರೆ ಸಿಗದ ಸೇವೆಗೂ ಸೇರಿಸಿ ದುಡ್ಡು ಕೊಟ್ಟ ಹಾಗೆ.

ಕೊನೆಗೆ, ಊರಿಗೆ ಹೊರಡೋ ಹಿಂದಿನ ವಾರ ಒಂದು ಕೆಲಸ ಮಾಡಿ. ಟಯರ್ ಅಂಗಡಿಯ ಗಾಳಿ ಗನ್ನಿನಿಂದ ಬಿಗಿದ ನಟ್ಟುಗಳು ನಿಮ್ಮ ಡಿಕ್ಕಿಯ ಸ್ಪ್ಯಾನರಿಗೆ ಬಿಚ್ಚುತ್ತಾ ಅಂತ ಮನೆ ಮುಂದೆಯೇ ನೋಡಿ. ಕಾರು ನೆಲದ ಮೇಲೇ ಇರಲಿ, ಒಂದೊಂದೇ ನಟ್ಟು ಸಡಿಲಿಸಿ, ಟಾರ್ಕ್ ರೆಂಚ್‌ನಿಂದ ಸರಿಯಾದ ಅಂಕಿಗೆ ಮತ್ತೆ ಬಿಗೀರಿ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಬಿಚ್ಚದಿದ್ದರೆ ಉದ್ದ ಹಿಡಿಯ ವೀಲ್ ಸ್ಪ್ಯಾನರ್ ಒಂದು ತಗೊಳ್ಳಿ, ಆದಿಲಾಬಾದ್ ಹತ್ತಿರ ರಾತ್ರಿ ಹತ್ತಕ್ಕೆ ಪಂಕ್ಚರ್ ಆದಾಗ ಅದೇ ಬೇಕಾಗೋದು.

ಮುಂದಿನ ವಾರ ಸಿಗೋಣ. ಪ್ರಯಾಣ ಚೆನ್ನಾಗಿರಲಿ.